ಹಿಂದಿನ ಸೀಟು

ಬೆಲೆ ಕಟ್ಟುವ ಮೇಡಂ ಮಾತು ಕಡಿಮೆ. ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಹಳದಿ ಕಾರಿನ ಸುತ್ತ ನಿಧಾನವಾಗಿ ಬರುತ್ತಿದ್ದರು. ಬಾಗಿಲಿಗೆ ಒತ್ತಿ ನೋಡುವುದು, ಬಾನೆಟ್ಟಿಗೆ ಒತ್ತಿ ನೋಡುವುದು, ಹ್ಞೂಂ ಅನ್ನುವುದು. ಬಣ್ಣ ಎಲ್ಲಿ ದಪ್ಪಗಿದೆಯೋ ಅಲ್ಲಿ ಹಳೆಯ ಪೆಟ್ಟು ಅಡಗಿದೆ ಎಂದು ಆ ಯಂತ್ರ ಹೇಳಿಬಿಡುತ್ತದಂತೆ. ಹಳೆಯ ಕಾರುಗಳನ್ನು ಕೊಂಡು ಮಾರುವ ಆ ಅಂಗಳದ ತುಂಬ ಬಿಳಿಯ, ಬೂದು ಬಣ್ಣದ ಕಾರುಗಳು ಸಂಭಾವಿತರಂತೆ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಈ ಹಳದಿಯದು ಸಾವಿನ ಮನೆಗೆ ನಾಟಕದ ವೇಷದಲ್ಲಿ ಬಂದವನ ಹಾಗೆ ಕಾಣುತ್ತಿತ್ತು.

ಕಾರಿನ ಒಡೆಯ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಪಕ್ಕದಲ್ಲಿ ನಿಂತಿದ್ದ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕಸುಬು. ಅದು ಅಂಗಡಿಯವರಿಗಷ್ಟೇ ಗೊತ್ತು. ಉಳಿದವರಿಗೆ ಅವನು ರಾಕೆಟ್. ಮೋಟು ಬಾಲದ ಈ ಚಿಕ್ಕ ಕಾರಿಗೆ ಕಂಪನಿಯವರೇ ದೊಡ್ಡ ಎದೆಯ ಇಂಜಿನ್ ಇಟ್ಟಿದ್ದರು. ಅದೂ ಸಾಲದೆಂದು ಅವನು ಐದು ವರ್ಷ ಕಾರಿನ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಬಂದಿದ್ದ. ಈಗ ಅದೇ ಕಾರು ಅವನ ಬೆನ್ನು ಮುರಿದಿತ್ತು. ನೀವು ಹಾಕಿಸಿದ ಗಟ್ಟಿ ಸ್ಪ್ರಿಂಗಿನ ಮೇಲೆ ಕುಲುಕಾಡಿ ಬೆನ್ನುಮೂಳೆಯ ಡಿಸ್ಕು ಜಾರಿದೆ, ಕಾರು ಬೇಕೋ ಬೆನ್ನು ಬೇಕೋ ನೀವೇ ನೋಡಿ ಎಂದು ಡಾಕ್ಟರು ಹೇಳಿದ್ದರು.

"ಚಕ್ರ ಹೊರದೇಶದ್ದು ಮೇಡಂ. ಇಂಜಿನ್ ಟ್ಯೂನ್ ಮಾಡ್ಸಿದೀನಿ. ಸೈಲೆನ್ಸರ್ ಪೂರ್ತಿ ಸ್ಟೀಲು. ಇದಕ್ಕೆ ಹಾಕಿರೋ ದುಡ್ಡಲ್ಲಿ ಇನ್ನೊಂದು ಕಾರು ಬರ್ತಿತ್ತು" ಎಂದ.

"ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗಾಗಿದೆ" ಎಂದರು ಮೇಡಂ, ನಗದೆ. "ಬೇಜಾರ್ ಮಾಡ್ಕೋಬೇಡಿ. ನೀವು ಹಾಕ್ಸಿದ್ದೆಲ್ಲ ನಿಮ್ಮ ಆಸೆ. ನಿಮ್ಮ ಆಸೆಗೆ ಇನ್ನೊಬ್ರು ಯಾಕೆ ದುಡ್ಡು ಕೊಡ್ತಾರೆ? ಇಂಥ ಕಾರು ನೋಡಿದ ತಕ್ಷಣ ಜನ ಹೆದರ್ತಾರೆ, ಎಷ್ಟು ಚಚ್ಚಿ ಓಡಿಸಿದಾನೋ ಅಂತ. ಹಾಕಿದ್ದಕ್ಕೆ ನಾನು ಏನೂ ಸೇರ್ಸಲ್ಲ. ತೆಗೆದದ್ದಕ್ಕೆ ಮಾತ್ರ ಕಳೀತೀನಿ."

"ಚಚ್ಚಿಲ್ಲ ಮೇಡಂ. ಮಗು ಹಾಗೆ ನೋಡ್ಕೊಂಡಿದೀನಿ."

"ಹೆತ್ತವರಿಗೆ ಹೆಗ್ಗಣ ಮುದ್ದು" ಎನ್ನುತ್ತ ಮೇಡಂ ಹಿಂಬಾಗಿಲು ತೆರೆದರು. ಒಳಗೆ ಬರೀ ತಗಡು. ಬಣ್ಣ ಬಳಿದ ನೆಲದ ಮೇಲೆ ಒಂದು ಸ್ಪ್ಯಾನರ್ ಚೀಲ, ಒಂದು ಖಾಲಿ ನೀರಿನ ಬಾಟಲಿ. ಅವರು ತಲೆ ಒಳಗಿಟ್ಟು ನೋಡಿದರು.

"ಸೀಟೆಲ್ಲಿ?"

"ತೆಗೆದೆ. ಭಾರ ಕಡಿಮೆ ಆಗ್ಲಿ ಅಂತ."

"ಹಿಂದೆ ಯಾರೂ ಕೂರ್ತಿರ್ಲಿಲ್ವಾ?"

ಅದು ವ್ಯಾಪಾರದ ಪ್ರಶ್ನೆ. ಆದರೂ ಅವನು ಸ್ಪ್ಯಾನರ್ ಚೀಲದ ಕಡೆ ನೋಡುತ್ತ, "ಇಲ್ಲ" ಎಂದ.

ಮೇಡಂ ಬಾಗಿಲು ಮುಚ್ಚಿದರು. ಕಂಪನಿಯ ಹಳೆಯ ಮೆತ್ತನೆಯ ಸ್ಪ್ರಿಂಗು, ಸದ್ದು ಮಾಡದ ಸೈಲೆನ್ಸರುಗಳನ್ನು ಎಲ್ಲಾದರೂ ಹುಡುಕಿ ಹಾಕಿಸಬಹುದು. ಆದರೆ ಈ ಮಾದರಿಯ ಸೀಟು ಈಗ ಸಿಗುವುದಿಲ್ಲ, ಐದು ಜನ ಕೂರುವ ಕಾರು ಎಂದು ದಾಖಲೆಯಲ್ಲಿ ಇರುವಾಗ ಇಬ್ಬರ ಕಾರಿಗೆ ತಾನು ಬೆಲೆ ಬರೆಯಲಾಗದು ಎಂದು ವಿವರಿಸಿದರು. "ಆ ಸೀಟು ಎಲ್ಲಿದ್ರೂ ತನ್ನಿ. ನಾನೇ ಫೋನ್ ಮಾಡಿ ವಿಚಾರಿಸ್ತೀನಿ. ಎಲ್ಲಿದೆ ಅಂತ ಗೊತ್ತು ತಾನೆ?"

ಗೊತ್ತಿತ್ತು. ಅಕ್ಕನ ಮನೆಯಲ್ಲಿತ್ತು. ಅಲ್ಲಿಗೆ ಅವನು ಕಾಲಿಡದೆ ಎರಡು ವರ್ಷವಾಗುತ್ತ ಬಂದಿತ್ತು.

ಆ ಸಂಜೆ ಅವನು ತನ್ನ ಬಾಡಿಗೆ ಕೋಣೆಯ ಕಿಟಕಿಯ ಬಳಿ ನಿಂತುಕೊಂಡೇ ಊಟ ಮಾಡಿದ. ಕೂತರೆ ಏಳುವುದು ಕಷ್ಟ. ಕಾರು ಮಾರುತ್ತಿದ್ದೇನೆ ಎಂದು ಮಧ್ಯಾಹ್ನವೇ ಗೆಳೆಯರ ಗುಂಪಿಗೆ ಫೋನಿನಲ್ಲಿ ಸುದ್ದಿ ಹಾಕಿದ್ದ. ಭಾನುವಾರ ಬೆಳಗಾದರೆ ಹೆದ್ದಾರಿಯಲ್ಲಿ ಒಟ್ಟಿಗೆ ಕಾರು ಹಾರಿಸುತ್ತಿದ್ದ ಗೆಳೆಯರು ಅವರು. "ಮಾರೋದಾದ್ರೆ ನನಗೇ ಕೊಡ್ಬೇಕು ಗುರು, ಕೇಳಿದಷ್ಟು ಕೊಡ್ತೀನಿ" ಎಂದು ಹೆಗಲ ಮೇಲೆ ಕೈ ಹಾಕಿದವರೇ ಅವರಲ್ಲಿ ಹಲವರಿದ್ದರು. ಈಗ ಉತ್ತರವಾಗಿ ನಾಲ್ಕು ಅಳುವ ಮುಖದ ಚಿತ್ರಗಳು ಬಂದಿದ್ದವು, ಕೆಲವು ಎತ್ತಿದ ಹೆಬ್ಬೆಟ್ಟಿನವು. "ಆ ಕಾರಿಲ್ದೆ ಇದ್ರೆ ನೀನು ಯಾರು ಗುರು?" ಎಂದು ಒಬ್ಬ ತಮಾಷೆ ಮಾಡಿದ್ದ. ಯಾಕೆ ಮಾರುತ್ತಿದ್ದೀಯ ಎಂದು ಯಾರೂ ಕೇಳಿರಲಿಲ್ಲ. ಬೆನ್ನಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ರಾಕೆಟ್ಟಿಗೆ ಬೆನ್ನು ನೋಯುತ್ತದೆ ಎಂದು ಹೇಳಿಕೊಳ್ಳುವುದು ಹೇಗೆ?

ತಟ್ಟೆ ತೊಳೆಯುತ್ತ ಅವನಿಗೆ ಆಸ್ಪತ್ರೆಯ ಮುಂಬಾಗಿಲು ನೆನಪಾಯಿತು. ಅದನ್ನು ನೆನೆಯಬಾರದೆಂದೇ ಅವನು ಇಷ್ಟು ದಿನ ಜೋರಾಗಿ ಓಡಿಸಿದ್ದು.

ಅಪ್ಪ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಮನೆಗೆ ಕಳಿಸುವ ದಿನ ಅಕ್ಕ ಆಂಬುಲೆನ್ಸ್ ಹೇಳುತ್ತೇನೆ ಎಂದಾಗ ಇವನೇ ಫೋನಿನಲ್ಲಿ ಜಂಬದಿಂದ ಹೇಳಿದ್ದ, "ನಾನಿರುವಾಗ ಆಂಬುಲೆನ್ಸ್ ಯಾಕೆ? ನಾನೇ ಬರ್ತೀನಿ." ಇಡೀ ಬೀದಿ ತಿರುಗಿ ನೋಡುವ ಹಾಗೆ ಗುಡುಗುತ್ತ ಬಂದು ಬಾಗಿಲಲ್ಲಿ ನಿಲ್ಲಿಸಿದ್ದ. ಗಾಲಿಕುರ್ಚಿಯಲ್ಲಿದ್ದ ಅಪ್ಪ ಪಕ್ಕದ ನರ್ಸಿಗೆ, "ನೋಡಮ್ಮ, ನನ್ನ ಮಗ ಬಂದ" ಎಂದಿದ್ದರು. ಹಿಂಬಾಗಿಲು ತೆಗೆದ ಮೇಲೆಯೇ ಅವನಿಗೆ ಹೊಳೆದದ್ದು. ಅಲ್ಲಿ ಕೂರಲು ಏನೂ ಇರಲಿಲ್ಲ. ಹಿಂದಿನ ವಾರವಷ್ಟೇ ಸೀಟು ಬಿಚ್ಚಿದ್ದ. ಬಿಚ್ಚಿದ್ದು ಅಕ್ಕ ಆಸ್ಪತ್ರೆಯಲ್ಲಿದ್ದಾಗ, ಅವಳ ಮನೆಯ ಅಂಗಳದಲ್ಲಿಯೇ, ಇಡಲು ತನ್ನ ಕೋಣೆಯಲ್ಲಿ ಜಾಗವಿಲ್ಲವೆಂದು. ಮಾಡಿದ್ದನ್ನು ತಾನೇ ಮರೆತಿದ್ದ. ಒಬ್ಬನೇ ಓಡಾಡುವವನಿಗೆ ಹಿಂದೆ ಏನಿದೆ ಏನಿಲ್ಲ ಎಂಬುದು ನೆನಪಿರುವುದಾದರೂ ಹೇಗೆ?

ಮುಂದಿನದು ರೇಸಿನ ಸೀಟು, ಕೊಳಗದ ಹಾಗೆ ಆಳ. ಎರಡು ಸಲ ಕೂರಿಸಲು ನೋಡಿದರು. ಎರಡನೆಯ ಸಲ ಅಪ್ಪ ಕೂಗಿಕೊಂಡರು. ಕೊನೆಗೆ ಆಸ್ಪತ್ರೆಯ ಬಟ್ಟೆ ಒಗೆಯಲು ಒಯ್ಯುವ ವ್ಯಾನಿನವನು ಕರುಣೆ ಮಾಡಿ, ಕೊಳೆ ಹಾಸಿಗೆ ಬಟ್ಟೆಯ ಗಂಟುಗಳ ನಡುವೆ ಅಪ್ಪನನ್ನು ಮಲಗಿಸಿಕೊಂಡು ಹೋದ. "ಮೆತ್ತಗಿದೆ ಕಣೋ, ರಾಜನ ಹಾಗೆ ಹೋಗ್ತೀನಿ" ಎಂದು ಅಪ್ಪ ನಕ್ಕರು. ಅಕ್ಕ ನಗಲಿಲ್ಲ. "ನಿನ್ನ ಕಾರಲ್ಲಿ ಮನೆಯವರಿಗೆ ಜಾಗ ಇಲ್ಲ ಅಂದ್ಮೇಲೆ, ಆ ಕಾರಿಗೂ ನಮ್ಮನೇಲಿ ಜಾಗ ಇಲ್ಲ" ಎಂದಳು. ಅಂದಿನಿಂದ ಅವನು ಹೋಗಲಿಲ್ಲ. ಮೊದಮೊದಲು ಫೋನು, ಆಮೇಲೆ ಫೋನಿನಲ್ಲಿ "ಊಟ ಆಯ್ತಾ" ಎಂಬ ಒಂದು ಮಾತು, ಆಮೇಲೆ ಅದೂ ಇಲ್ಲ.

ಮರುದಿನ ಭಾನುವಾರ. ಅಕ್ಕನ ಬೀದಿಯ ತಿರುವಿನಲ್ಲೇ ಇಂಜಿನ್ ಆರಿಸಿ ನಡೆದುಕೊಂಡು ಹೋದ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಜಗಲಿಯ ಮೇಲೆ ಅಪ್ಪ ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದರು. ಅವರು ಕೂತಿದ್ದು ಅವನ ಕಾರಿನ ಹಿಂದಿನ ಸೀಟಿನ ಮೇಲೆ.

ಅದಕ್ಕೆ ಕೆಳಗೆ ಗಟ್ಟಿಯಾದ ಮರದ ಚೌಕಟ್ಟು ಹೊಡೆಸಿದ್ದರು. ಒಂದು ತುದಿ ಅಪ್ಪನ ಮೈಗೆ ಒಗ್ಗಿ ತಗ್ಗಾಗಿತ್ತು. ಕೂರುವ ಭಾಗಕ್ಕೂ ಒರಗುವ ಭಾಗಕ್ಕೂ ನಡುವಿನ ಸಂದಿಯಲ್ಲಿ ಮಾತ್ರೆಯ ಹಾಳೆ, ಕರವಸ್ತ್ರ, ಮಡಿಸಿದ ಪೇಪರು. ಅಪ್ಪನ ಸಂಸಾರವೆಲ್ಲ ಆ ಸಂದಿಯಲ್ಲಿತ್ತು.

ಅಪ್ಪ ಕಣ್ಣು ತೆರೆದರು. ತಡವರಿಸಿ ಕನ್ನಡಕ ಹಾಕಿಕೊಂಡರು. ಅದರ ಒಂದು ಕಡ್ಡಿಯನ್ನು ದಾರದಿಂದ ಬಿಗಿದಿದ್ದರು. "ನೀನಾ? ಸದ್ದೇ ಇಲ್ವಲ್ಲೋ" ಎಂದವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೋ."

ಅವನು ಕೂತ. ಐದು ವರ್ಷ ಆ ಕಾರು ಓಡಿಸಿದ್ದರೂ ಅದರ ಹಿಂದಿನ ಸೀಟಿನ ಮೇಲೆ ಒಂದು ದಿನವೂ ಕೂತಿರಲಿಲ್ಲ. ಅದು ಮೆತ್ತಗಿತ್ತು. ನೋಯುವ ಬೆನ್ನು ಒಮ್ಮೆ ನಿಟ್ಟುಸಿರು ಬಿಟ್ಟಂತಾಯಿತು. ಕೈ ಚಾಚಿ ಅಪ್ಪನ ಕನ್ನಡಕ ತೆಗೆದುಕೊಂಡ. ಊರಿಗೆಲ್ಲ ಕನ್ನಡಕ ಕೂರಿಸುವವನ ಅಪ್ಪನ ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಜೇಬಿನಿಂದ ಪುಟ್ಟ ತಿರುಪುಳಿ, ಒಂದು ಸ್ಕ್ರೂ ತೆಗೆದ. ಅವು ಕಸುಬಿನ ಚಟಕ್ಕೆ ಯಾವಾಗಲೂ ಜೇಬಿನಲ್ಲಿರುತ್ತವೆ. ದಾರ ಕತ್ತರಿಸಿ ಕಡ್ಡಿ ಕೂರಿಸುವುದು ನಿಮಿಷದ ಕೆಲಸವಾಗಿತ್ತು.

ಹೊಲಿಗೆ ಯಂತ್ರ ನಿಂತಿತು. ಅಕ್ಕ ಹೊಸಿಲಿನಲ್ಲಿ ನಿಂತಿದ್ದಳು.

"ದಾರಿ ತಪ್ಪಿ ಬಂದ್ಯೋ, ಬೇಕಂತ್ಲೇ ಬಂದ್ಯೋ?"

ಅವನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಅವನ ಕೈ ಸವರುತ್ತಿದ್ದ ಸೀಟಿನ ಅಂಚಿನ ಮೇಲೆ ಹೋಯಿತು. "ಓ, ಸೀಟಿಗೆ ಬಂದಿದೀಯ."

"ಕಾರು ಮಾರ್ತಿದೀನಿ ಅಕ್ಕ. ಸೀಟಿಲ್ದೆ ಬೆಲೆ ಕಟ್ಟಲ್ಲ ಅಂದ್ರು."

"ಅಂತೂ ಆ ಸೀಟಿಗೂ ಒಂದು ಬೆಲೆ ಇದೆ ಅಂತ ಯಾರೋ ಹೇಳ್ಬೇಕಾಯ್ತು. ಆಸ್ಪತ್ರೆಯವರು ಎತ್ತರದ ಕುರ್ಚೀಲಿ ಕೂರ್ಸಿ ಅಂದ್ರು. ಯಾವ ಕುರ್ಚೀನೂ ಸರಿಹೋಗ್ಲಿಲ್ಲ. ಕೊನೆಗೆ ಇದಕ್ಕೇ ಕಾಲು ಹೊಡ್ಸಿದೆ. ಎರಡು ವರ್ಷದಿಂದ ಇದ್ರ ಮೇಲೇ ಇದಾರೆ. ನೀನು ಒಂದು ದಿನ ಬಂದು ನೋಡಿದ್ಯಾ?"

"ನೀನೇ ಜಾಗ ಇಲ್ಲ ಅಂದೆ."

"ಕಾರಿಗೆ ಅಂದೆ ಕಣೋ! ನಿನಗೆ ಅಂದ್ನಾ?" ಅಕ್ಕನ ದನಿ ಒಡೆಯಿತು. "ಕೋಪದಲ್ಲಿ ಅಕ್ಕ ಒಂದು ಮಾತಂದ್ರೆ ಅಷ್ಟೇ ಸಾಕಾಯ್ತಾ ನಿನಗೆ? ಬರದೆ ಇರೋಕೆ ಒಂದು ನೆಪ ಬೇಕಿತ್ತು, ಸಿಕ್ತು."

ಅವನು ತಲೆ ತಗ್ಗಿಸಿದ. "ಆ ಕಾರಿಂದ ಇಳಿದ್ರೆ ನನ್ನನ್ನ ಯಾರೂ ತಿರುಗಿ ನೋಡಲ್ಲ ಅಕ್ಕ. ಅಂಗಡೀಲಿ ಹಿಂದಿನ ಕೋಣೆ, ಮನೇಲಿ ಒಂಟಿ ಕೋಣೆ. ಸದ್ದು ಮಾಡ್ಕೊಂಡು ಹೋದ್ರೆ ಬೈಯೋಕಾದ್ರೂ ಜನ ತಲೆ ಎತ್ತುತ್ತಾರೆ. ಆವತ್ತು ಅಪ್ಪ ಕೂಗಿಕೊಂಡಾಗ... ಮುಖ ತೋರ್ಸೋಕಾಗ್ಲಿಲ್ಲ. ನಾಚಿಕೆ ಆಯ್ತು."

ಅಪ್ಪ ಊರುಗೋಲು ಹಿಡಿದು ನಿಧಾನವಾಗಿ ಎದ್ದು ನಿಂತರು.

"ತಗೊಂಡು ಹೋಗಪ್ಪ, ನಿನ್ನದೇ ತಾನೆ. ಮಾರೋಕೆ ಮುಂಚೆ ಒಂದು ರೌಂಡು ಕರ್ಕೊಂಡು ಹೋಗ್ತೀಯಾ? ಆವತ್ತಿಂದು ಬಾಕಿ ಉಳಿದಿದೆ. ಮಗ ಕಾರು ತರ್ತಾನೆ ಅಂತ ಇಡೀ ವಾರ್ಡಿಗೆ ಹೇಳಿದ್ದೆ."

ರಾಕೆಟ್ ಮುಖ ಆಚೆ ತಿರುಗಿಸಿಕೊಂಡ. ಕಣ್ಣೀರು ತಡೆಯಲಾಗಲಿಲ್ಲ.

ಸೀಟು ಕೂರಿಸುವುದೇ ಒಂದು ಪ್ರಹಸನವಾಯಿತು. ಮರದ ಚೌಕಟ್ಟಿನಿಂದ ಬಿಚ್ಚಿ, ಬಾಗಿಲ ಮುಂದೆ ತಂದು ನಿಲ್ಲಿಸಿದ ಕಾರಿನವರೆಗೆ ಹೊತ್ತದ್ದು ಅಕ್ಕ. ಬಗ್ಗಿದವನು ಏಳಲಾರದೆ "ಅಯ್ಯೋ" ಎಂದಾಗಲೇ ಅವಳಿಗೆ ತಮ್ಮನ ಬೆನ್ನಿನ ಸಂಗತಿ ತಿಳಿದದ್ದು. "ಅಪ್ಪನಿಗೆ ಸೊಂಟ, ಮಗನಿಗೆ ಬೆನ್ನು. ಹೊರೋಕೆ ನಾನೊಬ್ಬಳು" ಎಂದು ಬೈದಳು. ಬೈಯುತ್ತಲೇ ಒಳಗೆ ಹೋಗಿ ಒಂದು ಡಬ್ಬಿ ತಂದಳು. ಸೀಟಿನ ಬೋಲ್ಟುಗಳನ್ನೆಲ್ಲ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಎತ್ತಿಟ್ಟಿದ್ದಳು. ಅವನು ಮಲಗಿಕೊಂಡೇ ಒಂದೊಂದಾಗಿ ಬಿಗಿದ.

ಅಪ್ಪ ಮೊದಲು ಹಿಂತಿರುಗಿ ಕೂತು, ಆಮೇಲೆ ಕಾಲುಗಳನ್ನು ಒಳಗೆ ತಂದುಕೊಂಡರು. ತಗ್ಗು ಬಿದ್ದ ತಮ್ಮ ಜಾಗ ಹುಡುಕಿ ಒರಗಿದರು. ಆ ಕಡೆಯಿಂದ ಅಕ್ಕನೂ ಹತ್ತಿ ಅವರ ತೋಳು ಹಿಡಿದು ಕೂತಳು. ಅವನು ಹೊರಟ. ಗಟ್ಟಿ ಸ್ಪ್ರಿಂಗು ಅಪ್ಪನನ್ನು ಕುಲುಕಬಾರದೆಂದು ಪ್ರತಿ ಗುಂಡಿಯ ಮುಂದೂ ನಿಂತು ನಿಂತು ಇಳಿಸಿದ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಅವರನ್ನು ದಾಟಿಕೊಂಡು ಹೋದ. ಅಪ್ಪ ಹಿಂದಿನಿಂದ ಏನೋ ಹೇಳುತ್ತಿದ್ದರು. ಸೈಲೆನ್ಸರಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಲಿಲ್ಲ. ಅವನು ಸೇತುವೆಯ ಪಕ್ಕ ನಿಲ್ಲಿಸಿ ಇಂಜಿನ್ ಆರಿಸಿ ಕೇಳಿದ.

"ಏನಂದ್ರಿ ಅಪ್ಪ?"

"ಏನಿಲ್ವೋ. ನೀರು ಚೆನ್ನಾಗಿ ಕಾಣ್ತಿದೆ ಅಂದೆ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಬೆಲೆ ಕಟ್ಟುವ ಮೇಡಂ. "ಸೀಟ್ ಸಿಕ್ತಾ? ಸಿಕ್ಕಿದ್ರೆ ನಾಳೆ ಬನ್ನಿ, ಬೆಲೆ ಬರೆದುಬಿಡೋಣ."

ಅವನು ಕನ್ನಡಿ ನೋಡಿದ. ಎರಡು ವರ್ಷದಿಂದ ಅದರಲ್ಲಿ ಖಾಲಿ ತಗಡು, ಹಿಂದೆ ಬಿದ್ದ ರಸ್ತೆ ಬಿಟ್ಟರೆ ಇನ್ನೇನೂ ಕಂಡಿರಲಿಲ್ಲ. ಈಗ ನೆಟ್ಟಗೆ ಕೂತ ಕನ್ನಡಕದೊಳಗಿಂದ ಅಪ್ಪ ನದಿ ನೋಡುತ್ತಿದ್ದರು. ಅಕ್ಕ ತಮ್ಮನನ್ನೇ ನೋಡುತ್ತಿದ್ದಳು.

"ಸಿಕ್ತು ಮೇಡಂ" ಎಂದ. "ಆದ್ರೆ ಖಾಲಿ ಇಲ್ಲ, ಜನ ಕೂತಿದಾರೆ. ಬೆಲೆ ಬರೆಯೋದು ಬೇಡ. ಅದೇ ಹಳೇ ಸ್ಪ್ರಿಂಗು, ಹಳೇ ಸೈಲೆನ್ಸರ್ ಹಾಕಿಸ್ಬಹುದು ಅಂದಿದ್ರಲ್ಲ, ಅದು ಎಲ್ಲಿ ಸಿಗುತ್ತೆ ಹೇಳ್ತೀರಾ?"