ಮೊದಲ ತಟ್ಟೆ

ಕೊಪ್ಪದ ಪೇಟೆಯಲ್ಲಿ ಫರಹತ್‌ಳ ಅಜ್ಜ ತೆರೆದ ಮೀನೂಟದ ಹೋಟೆಲಿಗೆ ಎಪ್ಪತ್ತು ವರ್ಷದ ಹೆಸರಿದೆ. ಈಗ ಅಡುಗೆ ಅವಳದೇ. ಆದರೆ ಹೋದ ತಿಂಗಳು ಜ್ವರ ಬಂದು ಹೋದ ಮೇಲೆ ಅವಳ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಅಂಥದ್ದನ್ನು ಯಾರ ಹತ್ತಿರ ಹೇಳುವುದು? ಕೈಯಂದಾಜಿನಲ್ಲಿ ಬಂಗುಡೆ ಸಾರು ಮಾಡಿ, ಹನ್ನೆರಡಕ್ಕೇ ಬಂದು ಕೂರುವ ಹಳೇ ಗಿರಾಕಿ ದುಗ್ಗಪ್ಪಣ್ಣನಿಗೆ ಮೊದಲ ತಟ್ಟೆ ಬಡಿಸಿ, ಅವರ ಮುಖ ನೋಡುತ್ತಿದ್ದಳು.

ಇವತ್ತು ಅವರು ಎರಡು ತುತ್ತಿಗೇ ಒಂದು ಲೋಟ ನೀರು ಕುಡಿದರು.

"ಉಪ್ಪು ಹೆಚ್ಚಾಯ್ತಾ ದುಗ್ಗಪ್ಪಣ್ಣ?"

"ಸ್ವಲ್ಪ. ಕಾಯಿಹಾಲು ಹಾಕು. ಜನ ಬರೋದಕ್ಕೆ ಇನ್ನೂ ಹೊತ್ತಿದೆ."

ಕಾಯಿಹಾಲು ಸುರಿಯುತ್ತಿದ್ದವಳಿಗೆ ಏನೋ ಹೊಳೆಯಿತು.

"ನೀವು ಮೊದಲೆಲ್ಲ ಒಂದೂವರೆಗೆ ಬರ್ತಿದ್ರಿ ಅಲ್ವಾ?"

"ಹೌದು ಮಾರಾಯ್ತಿ. ನಿನಗೆ ಜ್ವರ ಬಂದು ಹೋದ ಮೇಲೆ ನಂಗೆ ಬೇಗ ಹಸಿವಾಗ್ತದೆ."