ಉಡಿ ಸಮೇತ ಅಳತೆ

ಈ ಕಥೆಯನ್ನು ಹೇಗೆ ಶುರು ಮಾಡಬೇಕೆಂದು ನಿನ್ನೆಯವರೆಗೂ ಗೊತ್ತಿತ್ತು. ಆಲಮಟ್ಟಿಯ ಹಿನ್ನೀರು, ಬೆಳಗಿನ ಬಿಸಿಲು, ದಂಡೆಯ ಮೇಲೆ ರಾಜೇಶ್ವರಿ. ಈಗ ಗೊತ್ತಿಲ್ಲ. ಓದುಗರೇ, ಆರನೇ ಭಾಗ ಬರೆಯುವಾಗ ಆಗಬಾರದ್ದು ಆಗಿಹೋಯಿತು, ಅದೂ ನನ್ನ ಪೆನ್ನಿನಿಂದಲೇ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಸುಳ್ಳು ಅನ್ನಿಸಿದಲ್ಲಿ ತಡೆಯಿರಿ.

1

ರಾಜೇಶ್ವರಿ ನಿಡಗುಂದಿಯವಳು. ಕಾರವಾರದಲ್ಲಿ ಸ್ಕೂಬಾ ಡೈವಿಂಗ್ ಕಲಿತು ಬಂದಿದ್ದಾಳೆ. ಹಿನ್ನೀರಿನ ಪಂಪ್‌ಹೌಸಿನ ಜಾಲರಿಗೆ ಕಸ ಸಿಕ್ಕಿದೆ; ಇಳಿದು ಬಿಡಿಸುವುದು ಅವಳ ಮೊದಲ ಕೆಲಸ. ಬೆನ್ನಿಗೊಂದು ಉಕ್ಕಿನ ಪ್ಲೇಟು, ಅದಕ್ಕೆ ಸಿಲಿಂಡರ್. ಪ್ಲೇಟಿನ ಸೀಳುಗಳಲ್ಲಿ ಪೋಣಿಸಿದ ಒಂದೇ ಉದ್ದನೆಯ ಪಟ್ಟಿ ಎರಡೂ ಹೆಗಲ ಮೇಲೆ ಬಂದು, ಕಂಕುಳ ಕೆಳಗೆ ಹಾದು, ಸೊಂಟದಲ್ಲಿ ಬಕಲ್‌ಗೆ ಸೇರುತ್ತದೆ. ಎಲ್ಲವೂ ಸೆಕೆಂಡ್ ಹ್ಯಾಂಡ್. ಯಾರೋ ದಪ್ಪ ಗಂಡಸಿನ ಅಳತೆ.

(ಬೋರ್ ಆಯಿತೇ? ಸಹಿಸಿಕೊಳ್ಳಿ. ಸೊಂಟದಲ್ಲಿ ಸಡಿಲಾದರೆ ನೀರೊಳಗೆ ಸಿಲಿಂಡರ್ ಜಾರಿ ತಲೆಗೆ ಬಡಿಯುತ್ತದೆ. ಇಷ್ಟು ನೆನಪಿದ್ದರೆ ಸಾಕು.)

2

ಪಟ್ಟಿ ಸರಿಮಾಡಿಸಲು ಅವಳನ್ನು ಜೈನುದ್ದೀನ ಕಾಕಾನ ಅಂಗಡಿಗೆ ಕಳಿಸಿದೆ. ಎತ್ತುಗಳ ಕೊರಳಪಟ್ಟಿ ಹೊಲಿಯುವುದು ಕಾಕಾನ ಕಸುಬು.

"ಹೆಗಲ ಮ್ಯಾಲೆ ನಾಕ ಬಟ್ಟು ಹೋಗುವಂಗಿರಲಿ ಕಾಕಾ. ನಡಾ ಮಾತ್ರ ಬಿಗಿ ಬೇಕ್ರಿ."

"ನಂಗ ಹೇಳ್ತಿಯೇನವಾ? ನಾ ಹೊಲದದ್ದು ಎತ್ತು ಜಗ್ಗಿದ್ರೂ ಬಿಚ್ಚಾಂಗಿಲ್ಲ."

ಅಳತೆ ಹಿಡಿದ ಕಾಕಾ, ಪಟ್ಟಿ ಜಾರಬಾರದೆಂದು ಬಕಲ್ ಬಳಿ ಮೇಣದ ದಾರ ಹಾಕಿ ಹೊಲಿದೇಬಿಟ್ಟ.

3

ಇಲ್ಲಿಗೆ ಕಥೆ ಸಪ್ಪೆ ಅನ್ನಿಸಿತು. ಸ್ವಲ್ಪ ಊರಿನ ಸೊಗಡಿರಲಿ ಎಂದು ಅವಳು ಅಂಗಡಿಗೆ ಹೊರಡುವ ಮುಂಚಿನ ಬೆಳಗಿಗೆ ಹಿಂತಿರುಗಿ, ಅವಳ ಅವ್ವ ಚನ್ನವ್ವನನ್ನು ತಂದು ಕೂರಿಸಿದೆ. ಹೊಳೆಗಿಳಿಯುವ ಮಗಳಿಗೆ ಚನ್ನವ್ವ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಖಣ. ಅಳತೆಗೆಂದು ತೊಟ್ಟ ರಬ್ಬರ್ ಸೂಟಿಗೆ ಸೆರಗೆಲ್ಲಿಂದ ಬರಬೇಕು? ಟವೆಲಿನಲ್ಲಿ ಸುತ್ತಿ ಹೊಟ್ಟೆಗೇ ಕಟ್ಟಿದಳು.

"ಗಂಗವ್ವಗ ಕೊಡೂತನಕ ಬಿಚ್ಚಬ್ಯಾಡ, ನನ್ನಾಣಿ ಐತಿ."

ಎಂಥ ಚೆಂದದ ಪ್ಯಾರಾ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

5

(ನಾಲ್ಕನ್ನು ಹರಿದು ಹಾಕಿದ್ದೇನೆ. ಯಾಕೆಂದು ಕೇಳಬೇಡಿ.)

ಉಡಿ ಹೊಳೆಗೆ ಸಂದಿತ್ತು. ರಾಜೇಶ್ವರಿ ಕೈಮುಗಿದು ಧೈರ್ಯದಿಂದ ನೀರಿಗಿಳಿದಳು. ಪ್ಲೇಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದಂಡೆಯ ಕಲ್ಲಿಗಿತ್ತು; ಪಕ್ಕದಲ್ಲಿ ಕಾಕಾ, ಚನ್ನವ್ವ ನಿಂತಿದ್ದರು.

6

ಆರು ಮೀಟರ್ ಕೆಳಗೆ ಜಾಲರಿಯ ಕಡೆ ತಲೆ ಬಗ್ಗಿಸಿದಳು. ಸಿಲಿಂಡರ್ ಜಾರಿ ಬಂದು ತಲೆಗೆ ಬಡಿಯಿತು. ಬಾಯಲ್ಲಿದ್ದ ಉಸಿರಿನ ನಳಿಕೆ ಕಿತ್ತುಹೋಯಿತು.

ದೇವರಾಣೆಗೂ ನಾನಿದನ್ನು ಯೋಚಿಸಿರಲಿಲ್ಲ! ಹಿಂದಿನ ಪುಟ ತಿರುವಿದೆ. ಅವ್ವನ ಆಣೆ ಮೀರದೆ ಉಡಿ ಕಟ್ಟಿಕೊಂಡೇ ಅಂಗಡಿಗೆ ಹೋಗಿದ್ದಾಳೆ. ಕಾಕಾ ಅಳತೆ ಹಿಡಿದದ್ದು ಉಡಿ ಸಮೇತ. ಈಗ ಉಡಿ ಇಲ್ಲ, ಪಟ್ಟಿ ಮುಕ್ಕಾಲು ಗೇಣು ಸಡಿಲ. ಎಳೆದು ಬಿಗಿಯೋಣವೆಂದರೆ ಮೇಣದ ದಾರ. ನಾನು ಸೊಗಡಿಗೆಂದು ತುರುಕಿದ ಒಂದು ಹಿಡಿ ಅಕ್ಕಿ!

"ರೀ ಬರಿಯಾವ್ರ," ರಾಜೇಶ್ವರಿಯ ದನಿ. "ನಾಕನೇದ್ದು ಯಾಕ ಹರದ್ರಿ? ಉಡಿ ಬಿಟ್ಟ ಮ್ಯಾಲೆ ಪಟ್ಟಿ ಸಡ್ಲ ಆಗೇತಿ, ನಾ ಇಳಿಯಾಂಗಿಲ್ಲ ಅಂತ ಅದರಾಗ ಹೇಳಿದ್ನೆಲ್ಲಾ?"

ಹೇಳಿದ್ದಳು. ಮೂರು ಸಲ ಹೇಳಿದ್ದಳು.

"ನೀ ದಂಡೆಯಿಂದ ವಾಪಸ್ ಹೋದರೆ ಕಥೆ ನಿಲ್ಲುತ್ತಿತ್ತು," ಎಂದೆ.

"ಈಗ ಉಸುರು ನಿಂತೈತಿ."

ಇಪ್ಪತ್ತು ವರ್ಷ ಬರೆದಿದ್ದೇನೆ, ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅಂತ್ಯ ಒಂದು: ಹೊಲಿಗೆ ಹರಿಯುತ್ತದೆ, ಅವಳು ಪಟ್ಟಿ ಬಿಗಿದುಕೊಳ್ಳುತ್ತಾಳೆ.

"ಏ, ನನ್ನ ಹೊಲಗಿ ಇವತ್ತಿನ ತನಕ ಹರದಿಲ್ಲ..." ದಂಡೆಯ ಮೇಲೆ ಕಾಕಾ ಶುರು ಮಾಡಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡ.

ಅಂತ್ಯ ಎರಡು: ಅವಳು

"ಅದನ್ನ ಬರದಿ ಅಂದ್ರ ಕೈ ಮುರಿತೇನಿ!" ಚನ್ನವ್ವ ನನ್ನ ಕಾಲರ್ ಹಿಡಿದಿದ್ದಳು.

ಬರೆಯಲಿಲ್ಲ.

"ನಿಮ್ಮ ಅಂತ್ಯ ನೀವ ಇಟ್ಕೋರಿ," ಎಂದಳು ರಾಜೇಶ್ವರಿ. ದನಿ ಸಣ್ಣಗಾಗಿತ್ತು. "ನಳಿಕಿ ನಾ ಹುಡಕ್ಕೋತೇನಿ. ನೀವು ಪೆನ್ನ ಒಗದು ಹಗ್ಗಾ ಹಿಡೀರಿ."

ಹಿಡಿದಿದ್ದೇನೆ. ನನ್ನ ಹಿಂದೆ ಕಾಕಾ, ಅವನ ಹಿಂದೆ ಚನ್ನವ್ವ. ಆ ತುದಿಯಲ್ಲಿ ಭಾರವಿದೆ. ಅದು ಜಗ್ಗುತ್ತಿದೆಯೋ, ಬರೀ ತೂಗುತ್ತಿದೆಯೋ ತಿಳಿಯುತ್ತಿಲ್ಲ. ಇನ್ನೊಂದು ವಾಕ್ಯ ಬರೆಯಬೇಕೆಂದರೆ ಒಂದು ಕೈ ಬಿಡಬೇಕು. ಬಿಡುವುದಿಲ್ಲ.