ಅರ್ಧ ಸುತ್ತಿನ ಲೆಕ್ಕ

ಐದು ಉತ್ತರಪತ್ರಿಕೆಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿ ಪೆನಿಸಿಮಾನಿ ಹೇಳಿದ, "ನೋಡೀಮ್ಮ, ಸರಿ ಉತ್ತರ ಐವತ್ತು ಜನರದ್ದೂ ಒಂದೇ ಇರಬಹುದು. ತಪ್ಪು ಉತ್ತರ ಐದು ಜನರದ್ದು ಒಂದೇ ಇದ್ರೆ ಅದಕ್ಕೆ ಇರೋದು ಒಂದೇ ಹೆಸರು. ನಕಲು."

ಲೊಸಲೀನೆ ಪತ್ರಿಕೆಗಳನ್ನು ಒಂದೊಂದಾಗಿ ತನ್ನ ಕಡೆ ಎಳೆದುಕೊಂಡಳು. ಮಾತಾಡಿದರೆ ದನಿ ನಡುಗುತ್ತದೆ, ನಡುಗಿದರೆ ಇವನು ಅದನ್ನು ಅಳು ಎಂದುಕೊಳ್ಳುತ್ತಾನೆ. ನಲವತ್ತೊಂಬತ್ತು ವರ್ಷಗಳಲ್ಲಿ ಅವಳ ಎಷ್ಟೋ ಸಿಟ್ಟುಗಳನ್ನು ಗಂಡಸರು ಅಳುವೆಂದು ತಿಳಿದು ನೀರು ತಂದುಕೊಟ್ಟಿದ್ದರು.

ಪೆನಿಸಿಮಾನಿ ರಾಜಧಾನಿಯ ಪರೀಕ್ಷಾ ಕಚೇರಿಯಿಂದ ಬೆಳಗಿನ ಹಡಗಿನಲ್ಲಿ ಈ ದ್ವೀಪಕ್ಕೆ ಬಂದಿದ್ದ. ಮಧ್ಯಾಹ್ನ ಎರಡಕ್ಕೆ ಅದೇ ಹಡಗು ಹಿಂದಿರುಗುತ್ತಿತ್ತು. ಅಷ್ಟರೊಳಗೆ ನಕಲು ನಡೆದದ್ದು ನಿಜವೆಂದು ಗಣಿತದ ಟೀಚರ್ ಆಗಿದ್ದ ಲೊಸಲೀನೆ ಒಂದು ಹಾಳೆಗೆ ಸಹಿ ಹಾಕಬೇಕಿತ್ತು. ಹಾಕಿದರೆ ಐವರು ಹುಡುಗಿಯರ ಅಂಕ ರದ್ದು, ಮುಂದಿನ ತರಗತಿಗೆ ಸೀಟಿಲ್ಲ.

ಪ್ರಶ್ನೆ ಚಿಕ್ಕದು. ಮೂವತ್ತೆರಡರ ತಲೆಯ ಮೇಲೆ ಘಾತಾಂಕವಾಗಿ ಅರ್ಧ, ಸರಳ ರೂಪಕ್ಕೆ ತನ್ನಿ. ಎರಡರ ವರ್ಗಮೂಲದ ನಾಲ್ಕು ಪಟ್ಟು ಎಂದು ಬರೆಯಬೇಕು. ಐವರೂ ಆರು ಎಂದು ಬರೆದಿದ್ದರು.

"ಆ ಆರು ಎಲ್ಲಿಂದ ಬಂತು ಅಂತ ನಂಗೊತ್ತು" ಎಂದಳು ಲೊಸಲೀನೆ.

"ಪಕ್ಕದ ಬೆಂಚಿಂದ" ಎಂದು ಅವನು ನಕ್ಕ.

"ತೊಗಟೆ ಬಡಿಯೋ ದಿಮ್ಮಿಯಿಂದ."

ಐವರೂ ಒಂದೇ ಊರಿನವರು. ಶನಿವಾರವೆಲ್ಲ ಅಮ್ಮಂದಿರ ಜೊತೆ ಮರದ ದಿಮ್ಮಿಯ ಮುಂದೆ ಸಾಲಾಗಿ ಕೂತು, ನೆನೆಸಿದ ತೊಗಟೆಯನ್ನು ಕೊಡತಿಯಿಂದ ಬಡಿದು ಬಟ್ಟೆ ಮಾಡುವವರು. ಪಟ್ಟಿಯ ಅಗಲ ಇಮ್ಮಡಿಯಾದರೆ ಆ ಊರಿನಲ್ಲಿ ಅದಕ್ಕೆ ಒಂದು ಸುತ್ತು ಎನ್ನುತ್ತಾರೆ. ಭಿನ್ನ ಘಾತಾಂಕ ಎಂದಾಗಲೆಲ್ಲ ತರಗತಿ ಸತ್ತ ಮೀನಿನ ಕಣ್ಣಲ್ಲಿ ನೋಡುತ್ತಿದ್ದುದನ್ನು ತಾಳಲಾರದೆ, ಮಾರ್ಚ್ ತಿಂಗಳಲ್ಲಿ ಲೊಸಲೀನೆಯೇ ಹೇಳಿದ್ದಳು: "ಒಂದು ಬೆರಳಗಲ ಹದಿನಾರು ಬೆರಳಾಗೋಕೆ ನಾಲ್ಕು ಸುತ್ತು. ಘಾತ ಅರ್ಧ ಅಂದ್ರೆ ಅಗಲ ಅರ್ಧ ಅಲ್ಲ ಕಣ್ರೇ, ಸುತ್ತು ಅರ್ಧ. ಎರಡೇ ಸುತ್ತು. ಎಷ್ಟಾಯ್ತು?" "ನಾಲ್ಕು!" ಎಂದು ಐವರೂ ಕೂಗಿದ್ದರು. ಅಂದಿನಿಂದ ಅವರಿಗೆ ಘಾತಾಂಕದ ಭಯವಿರಲಿಲ್ಲ.

ಮೂವತ್ತೆರಡಕ್ಕೆ ಐದು ಸುತ್ತು. ಅರ್ಧವೆಂದರೆ ಎರಡೂವರೆ. ಎರಡು ಸುತ್ತಿಗೆ ನಾಲ್ಕು ಬೆರಳು, ಸರಿ. ಉಳಿದ ಅರ್ಧ ಸುತ್ತು? ಆ ಊರಿನ ಹೆಂಗಸರು ನಾಲ್ಕು ಬೆರಳಿನ ಪಟ್ಟಿ ಆರಾದಾಗ ಕೊಡತಿ ಕೆಳಗಿಟ್ಟು, ಪಟ್ಟಿ ಮಗುಚಿ, ಚಹಾ ಕುಡಿಯುತ್ತಾರೆ. ಅದಕ್ಕೆ ಅರ್ಧ ಸುತ್ತು ಎಂದೇ ಹೆಸರು. ಅವರ ಅಜ್ಜಿಯರಿಗೂ ಅದು ಆರೇ ಆಗಿತ್ತು.

ಪೆನಿಸಿಮಾನಿ ಎಲ್ಲವನ್ನೂ ಕೇಳಿ ಗಡಿಯಾರ ನೋಡಿದ. "ಕಥೆ ಚೆನ್ನಾಗಿದೆ. ಸಹಿ ಹಾಕಿ. ಹುಡುಗೀರ ಕೈಲಿ ಕೊಡತಿ ಇದೆಯಲ್ಲ, ಉಪವಾಸ ಏನೂ ಬೀಳಲ್ಲ ಬಿಡಿ."

ಲೊಸಲೀನೆ ಎದ್ದು ನಿಂತಳು. ಅವಳ ತಾಯಿಯ ಬಲ ಅಂಗೈ ಕೊಡತಿ ಹಿಡಿದೂ ಹಿಡಿದೂ ಕೊನೆಗೆ ಪೂರ್ತಿ ಬಿಚ್ಚುತ್ತಲೇ ಇರಲಿಲ್ಲ. ಚರ್ಚಿನಲ್ಲಿ ಕೈಜೋಡಿಸಿದರೂ ನಡುವೆ ಒಂದು ಹಕ್ಕಿ ಕೂರುವಷ್ಟು ಜಾಗ.

"ನಿಮಗಿಷ್ಟ ಬಂದ ಸಂಖ್ಯೆ ಹೇಳಿ" ಎಂದಳು. ದನಿ ನಡುಗಿತು. ನಡುಗಲಿ. "ಘಾತ ಅರ್ಧ. ಐವರನ್ನೂ ನೀವೇ ಐದು ಕಡೆ ಕೂರಿಸಿ."

"ನೂರಾ ಇಪ್ಪತ್ತೆಂಟು" ಎಂದ ಅವನು, ತಮಾಷೆ ನೋಡುವವನಂತೆ.

ಅವಳು ಚೀಟಿಯೊಂದರಲ್ಲಿ ಏನೋ ಬರೆದು, ಮಡಿಚಿ, ಅವನ ಅಂಗಿಯ ಜೇಬಿಗೆ ತುರುಕಿದಳು. "ಅವರು ಬರೆಯೋ ತಪ್ಪು ಉತ್ತರ ಇದರಲ್ಲಿದೆ. ಆಮೇಲೆ ತೆಗೀರಿ."

ಒಬ್ಬಳನ್ನು ಗ್ರಂಥಾಲಯದಲ್ಲಿ, ಒಬ್ಬಳನ್ನು ದೀಗುಜ್ಜೆ ಮರದ ಕೆಳಗೆ, ಒಬ್ಬಳನ್ನು ಅಡುಗೆಕೋಣೆಯ ಜಗಲಿಯಲ್ಲಿ, ಹೀಗೆ ಅವನೇ ಕೂರಿಸಿ ಬಂದ. ಇಪ್ಪತ್ತು ನಿಮಿಷ. ಲೊಸಲೀನೆ ಸೊಂಟಕ್ಕೆ ಸುತ್ತಿದ್ದ ಹೆಣಿಗೆಯ ಪಟ್ಟಿಯ ಎಳೆಗಳನ್ನು ತಿರುಚುತ್ತ ಕೂತಳು. ಮಕ್ಕಳು ತಪ್ಪು ಬರೆಯಲಿ ದೇವರೇ ಎಂದು ಬೇಡಿಕೊಳ್ಳುವ ಗತಿ ಯಾವ ಟೀಚರಿಗೂ ಬರಬಾರದು. ಈ ಮನುಷ್ಯನ ಮೇಲಿನ ಸಿಟ್ಟು ಈಗ ತನ್ನ ಕಡೆಗೇ ತಿರುಗಿತು. ಆ ಐದು ಆರುಗಳ ಮೇಲೆ ಕೆಂಪು ಗುಣಿಸು ಗುರುತು ಹಾಕಿದವಳು ತಾನೇ ಅಲ್ಲವೇ? ಎಲ್ಲಿಂದ ಬಂತೆಂದು ಅಂದೇ ಗೊತ್ತಾಗಿತ್ತು. ನಕ್ಕು, ಗುರುತು ಹಾಕಿ, ಪುಟ ತಿರುವಿದ್ದಳು.

ಹಾಳೆಗಳು ಬಂದವು. ಮೊದಲನೆಯದು: ಏಳು ಸುತ್ತು, ಅರ್ಧ ಮೂರೂವರೆ, ಎಂಟು, ಹನ್ನೆರಡು. ಎರಡನೆಯದು ಹನ್ನೆರಡು. ಮೂರನೆಯದು, ನಾಲ್ಕನೆಯದು ಹನ್ನೆರಡು. ಪೆನಿಸಿಮಾನಿ ಜೇಬಿನ ಚೀಟಿ ಬಿಚ್ಚಿದ. ಹನ್ನೆರಡು. ಅವನ ಕಿವಿ ಕೆಂಪಾಯಿತು.

ಐದನೆಯದನ್ನು ಅಕೋಸಿತಾ ತಾನೇ ತಂದಳು. ತೆಳ್ಳನೆಯ, ಹುಬ್ಬು ಗಂಟಿಕ್ಕಿದ ಹುಡುಗಿ. ಅವಳ ಹಾಳೆಯಲ್ಲಿ ಹನ್ನೆರಡು ಬರೆದು ಹೊಡೆದುಹಾಕಲಾಗಿತ್ತು.

"ಇಲ್ನೋಡಿ, ಇವಳದ್ದು ಬೇರೆ!" ಎಂದ ಅವನು, ಉಸಿರು ಬಂದಂತೆ.

"ಕೆಳಗೆ ಓದಿ" ಎಂದಳು ಅಕೋಸಿತಾ.

ಕೆಳಗೆ ಬರೆದಿತ್ತು: ಎಂಟು ಹನ್ನೆರಡಾದರೆ ಒಂದೂವರೆ ಪಟ್ಟು. ಉಳಿದರ್ಧ ಸುತ್ತೂ ಒಂದೂವರೆ ಪಟ್ಟಾದರೆ ಹದಿನೆಂಟು. ಆದರೆ ಪೂರ್ತಿ ಸುತ್ತಿಗೆ ಹದಿನಾರೇ ಆಗಬೇಕು. ಹನ್ನೆರಡು ಜಾಸ್ತಿ. ಹನ್ನೊಂದರ ವರ್ಗ ನೂರಾ ಇಪ್ಪತ್ತೊಂದು, ಹಾಗಾಗಿ ಹನ್ನೊಂದು ಕಡಿಮೆ. ಉತ್ತರ ಹನ್ನೊಂದಕ್ಕಿಂತ ಹೆಚ್ಚು, ಹನ್ನೆರಡಕ್ಕಿಂತ ಕಡಿಮೆ.

ಲೊಸಲೀನೆ ಅದನ್ನು ಎರಡು ಸಲ ಓದಿದಳು. "ತನ್ನ ತಪ್ಪನ್ನ ತಾನೇ ಹಿಡಿದಿದ್ದಾಳೆ. ಇದನ್ನ ಯಾವ ಬೆಂಚಿಂದ ನಕಲು ಮಾಡಿದಳು, ಹೇಳಿ."

ದೂರದಲ್ಲಿ ಹಡಗು ಒಮ್ಮೆ ಕೂಗಿತು. ಪೆನಿಸಿಮಾನಿ ಲೇಖನಿ ತೆಗೆದು, "ಆಯ್ತು, ನಕಲು ಸಾಬೀತಾಗಿಲ್ಲ ಅಂತ ಬರೀತೀನಿ" ಎಂದ.

"ಬೇಡ. ನಡೆದಿಲ್ಲ ಅಂತ ಬರೀರಿ."

"ಎರಡೂ ಒಂದೇ ತಾನೇ?"

"ನಿಮ್ಮ ಮಗಳ ಹೆಸರಿನ ಮುಂದೆ ಬರೆದು ನೋಡಿ, ಒಂದೇನಾ ಅಂತ." ಲೊಸಲೀನೆ ಬಾಗಿಲಿಗೆ ಅಡ್ಡ ನಿಂತಳು. ಅವಳದು ಸಣ್ಣ ದೇಹವೇನಲ್ಲ. "ಮುಂದಿನ ಹಡಗು ಮಂಗಳವಾರ. ನಮ್ಮಲ್ಲಿ ದೀಗುಜ್ಜೆಗೆ ಬರ ಇಲ್ಲ, ಆರಾಮಾಗಿರಿ."

ಅವನು ಹೊಡೆದುಹಾಕಿ, ಬರೆದು, ಸಹಿ ಮಾಡಿದ. ಅವಳು ಒಂದೊಂದು ಪದಕ್ಕೂ ಬೆರಳಿಟ್ಟು ಓದಿ ದಾರಿ ಬಿಟ್ಟಳು.

ಅವನು ಹೋದ ಮೇಲೆ ಅಕೋಸಿತಾ ಹೋಗಲಿಲ್ಲ. ಖುಷಿಯ ಮುಖವೂ ಅದಲ್ಲ.

"ಆರು ಯಾಕೆ ತಪ್ಪು ಅಂತ ನೀವು ಗುರುತು ಹಾಕಿದವತ್ತೇ ಯಾಕೆ ಹೇಳ್ಲಿಲ್ಲ ಟೀಚರ್? ಅಮ್ಮ ತಪ್ಪು ಕಲಿಸಿದ್ದಾಳೆ ಅಂದ್ಕೊಂಡು ನಾನು ಮೂರು ವಾರ ಅವಳ ಹತ್ರ ನೆಟ್ಟಗೆ ಮಾತಾಡಿಲ್ಲ."

ಸಿಟ್ಟು ಈ ಹುಡುಗಿಯದು, ನ್ಯಾಯವಾದದ್ದು. ಅದಕ್ಕೆ ಲೊಸಲೀನೆ ನೀರು ತಂದುಕೊಡಲಿಲ್ಲ.

"ಶನಿವಾರ ನಿಮ್ಮ ದಿಮ್ಮಿ ಹತ್ರ ನಂಗೂ ಒಂದು ಜಾಗ ಇಡು" ಎಂದಳು. "ಅರ್ಧ ಸುತ್ತು ಎಲ್ಲಿ ಬರುತ್ತೆ ಅಂತ ನಿನ್ನ ಅಮ್ಮನ ಮುಂದೇನೇ ಅಳೆಯೋಣ."

"ಚಹಾ ಹೊತ್ತು ಬದಲಾದ್ರೆ ಅವಳು ಕೊಡತೀಲೇ ಹೊಡೀತಾಳೆ" ಎಂದಳು ಅಕೋಸಿತಾ. ಹುಬ್ಬಿನ ಗಂಟು ಇನ್ನೂ ಬಿಚ್ಚಿರಲಿಲ್ಲ.